ಒಗರು ಹಿಡಿದ ನಾಲಿಗೆ

ಅಮೈನೋ ಆಮ್ಲಗಳ ಹೆಸರನ್ನು ನಾನು ಬಾಯಿಪಾಠ ಮಾಡಿದ್ದು ಅಡಿಕೆ ಸುಲಿಯುವವರ ನಡುವೆ ಕೂತುಕೊಂಡು. ಶೃಂಗೇರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ದಿನಗಳು. ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ದೀಪಾವಳಿ ಕಳೆಯುತ್ತಿದ್ದ ಹಾಗೆ ಕೊನೆಕೊಯ್ಲು ಜೋರಾಗುತ್ತಿತ್ತು, ಪರೀಕ್ಷೆಯೂ ಆಗಲೇ ಬಂದು ಕೂರುತ್ತಿತ್ತು. ಅಂಗಳದ ಮೂಲೆಯಲ್ಲಿ ಹಸಿ ಅಡಿಕೆಯ ರಾಶಿ, ಜಗಲಿಯುದ್ದಕ್ಕೂ ಮೆಟ್ಟುಗತ್ತಿ, ರಾತ್ರಿ ಊಟ ಮುಗಿಸಿ ಬಂದು ಕೂರುವ ಹೆಂಗಸರು. ಒಳ್ಳೆಯ ಬೆಳಕು ಇದ್ದದ್ದು ಅಲ್ಲೊಂದೇ ಕಡೆ. ನಾನೂ ಗೋಡೆಗೆ ಒರಗಿ ಪುಸ್ತಕ ಬಿಚ್ಚುತ್ತಿದ್ದೆ. ಗ್ಲೈಸೀನ್, ಅಲನೀನ್, ವ್ಯಾಲೀನ್, ಲ್ಯೂಸೀನ್, ಪ್ರೋಲೀನ್... ನನ್ನ ಮಣಮಣ ಕೇಳಿ ಕೇಳಿ ಸಾಕಾದ ಒಬ್ಬ ಹಿರಿಯ ಹೆಂಗಸು ಒಂದು ರಾತ್ರಿ ಕೇಳಿಯೇಬಿಟ್ಟರು.

"ಎಂತ ಸಣ್ಣಯ್ಯ ಅದು, ಸಹಸ್ರನಾಮವಾ?"

"ಇಪ್ಪತ್ತೇ ಹೆಸರು. ನಮ್ಮ ಚರ್ಮ, ಕೂದಲು, ಮಾಂಸ, ರಕ್ತ ಎಲ್ಲದರಲ್ಲೂ ಪ್ರೋಟೀನು ಅಂತ ಇರುತ್ತಲ್ಲ, ಅದೆಲ್ಲ ಆಗಿರುವುದು ಈ ಇಪ್ಪತ್ತರಿಂದಲೇ" ಅಂದೆ.

ಅವರು ಕತ್ತಿಯ ಮೇಲಿನ ಕೈ ತೆಗೆದು ನನ್ನ ಮುಖದ ಹತ್ತಿರ ಹಿಡಿದರು. ಹೆಬ್ಬೆರಳು, ತೋರುಬೆರಳು ಇದ್ದಿಲಿನಷ್ಟು ಕಪ್ಪು. ಚರ್ಮದ ಗೆರೆಗೆರೆಯೊಳಗೂ ಕಪ್ಪು ಇಳಿದಿತ್ತು, ಉಗುರಿನ ಅಂಚು ಸೀಳಿತ್ತು. "ಹಾಗಾದ್ರೆ ಇದು ಯಾಕೆ ಹೋಗಾದಿಲ್ಲ ಹೇಳಿ. ಸೋಪು ಹಾಕಿ ತಿಕ್ಕಿದ್ರೂ ಇಲ್ಲ. ಸುಲಿಗೆ ಮುಗಿದು ಮೇಲಿನ ಚರ್ಮ ಎದ್ದುಹೋದ್ರೇನೇ ಹೋಗಾದು."

ಆ ರಾತ್ರಿ ನನ್ನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಆಮೇಲೆ ನಾನು ಓದಿದ್ದು, ಪಾಠ ಮಾಡಿದ್ದು ಬಹುಪಾಲು ಆ ಪ್ರಶ್ನೆಯ ಸುತ್ತಮುತ್ತಲೇ.

ಇಪ್ಪತ್ತು ಅಮೈನೋ ಆಮ್ಲಗಳಿಗೂ ಮೂಲ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅದಕ್ಕೆ ಅಂಟಿಕೊಂಡ ಪಾರ್ಶ್ವ ಸರಪಳಿ. ಗ್ಲೈಸೀನಿಗೆ ಅಲ್ಲಿ ಬರೀ ಒಂದು ಹೈಡ್ರೋಜನ್. ಲ್ಯೂಸೀನ್, ವ್ಯಾಲೀನ್, ಫೀನೈಲ್‌ಅಲನೀನ್‌ಗಳದ್ದು ಎಣ್ಣೆಯ ಸ್ವಭಾವ, ನೀರು ಕಂಡರೆ ಆಗದು. ಲೈಸೀನಿಗೆ ಧನ ವಿದ್ಯುದಂಶ, ಗ್ಲುಟಾಮಿಕ್ ಆಮ್ಲಕ್ಕೆ ಋಣ. ಪ್ರೋಲೀನಿನ ಸರಪಳಿ ಹಿಂದಕ್ಕೆ ಬಾಗಿ ತನ್ನದೇ ಸಾರಜನಕಕ್ಕೆ ಸೇರಿ ಉಂಗುರವಾಗುತ್ತದೆ, ಹಾಗಾಗಿ ಅದು ಬಂದಲ್ಲಿ ಇಡೀ ಸರಪಳಿಗೆ ಬೇಕಾದ ಹಾಗೆ ತಿರುಗುವ ಸ್ವಾತಂತ್ರ್ಯ ಇರುವುದಿಲ್ಲ. ಇವು ಒಂದಕ್ಕೊಂದು ಸೇರುವುದು ಪೆಪ್ಟೈಡ್ ಬಂಧದಿಂದ. ಎಮಿಲ್ ಫಿಶರ್ 1902ರಲ್ಲೇ ಪ್ರೋಟೀನಿನ ಒಳಗೆ ಇರುವುದು ಈ ಜೋಡಣೆ ಎಂದು ಹೇಳಿದ್ದರು. ಇದು ಗಟ್ಟಿ ಬಂಧ. ಅಡುಗೆಯ ಬೆಂಕಿಗೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಪೂರ್ತಿ ಕಡಿಯಬೇಕೆಂದರೆ ತೀಕ್ಷ್ಣ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ ಇಡೀ ಒಂದು ದಿನ ಇಡಬೇಕು.

ಆದರೆ ಉದ್ದಕ್ಕೆ ಪೋಣಿಸಿದ ಮಾತ್ರಕ್ಕೆ ಅದು ಕೆಲಸ ಮಾಡುವ ಪ್ರೋಟೀನು ಆಗಿಬಿಡುವುದಿಲ್ಲ. ಮಡಚಿಕೊಂಡು ಒಂದು ಆಕಾರಕ್ಕೆ ಬರಬೇಕು. ಆ ಆಕಾರವನ್ನು ಹಿಡಿದಿಡುವ ಬಲಗಳು ಒಂದೊಂದಾಗಿ ನೋಡಿದರೆ ಬಡಕಲು. ಎರಡು ಇಂಗಾಲಗಳ ನಡುವಿನ ಗಟ್ಟಿ ಬಂಧ ಮುರಿಯಲು ಮೋಲ್ ಒಂದಕ್ಕೆ ಸುಮಾರು 83 ಕಿಲೋಕ್ಯಾಲರಿ ಬೇಕು. ಒಂದು ಹೈಡ್ರೋಜನ್ ಬಂಧಕ್ಕೆ ಕೆಲವೇ ಕಿಲೋಕ್ಯಾಲರಿ. ಅದೂ ಸುತ್ತ ನೀರಿದ್ದರೆ ನೀರಿನ ಅಣುಗಳೇ ಪೈಪೋಟಿಗೆ ಬರುವುದರಿಂದ ಉಳಿಯುವ ಲಾಭ ಇನ್ನೂ ಕಡಿಮೆ. ವಾನ್ ಡರ್ ವಾಲ್ಸ್ ಸೆಳೆತ ಒಂದಕ್ಕೂ ಕೆಳಗೆ. ಇವುಗಳ ಜೊತೆ ಧನ-ಋಣಗಳ ಆಕರ್ಷಣೆ, ಮತ್ತೆ ಎಣ್ಣೆ ಸ್ವಭಾವದ ಭಾಗಗಳು ನೀರಿಗೆ ಬೆನ್ನುಹಾಕಿ ಒಳಕ್ಕೆ ಗುಂಪಾಗುವುದು. ಈ ಕೊನೆಯದರ ಮಹತ್ವವನ್ನು ವಾಲ್ಟರ್ ಕೌಜ್‌ಮನ್ 1959ರಲ್ಲಿ ತೋರಿಸಿಕೊಟ್ಟರು. ಇಂಥ ನೂರಾರು ಸಣ್ಣ ಬಲಗಳನ್ನು ಕೂಡಿ, ಅವುಗಳಿಗೆ ಎದುರಾಗಿರುವುದನ್ನೆಲ್ಲ ಕಳೆದ ಮೇಲೆ, ಮಡಚಿದ ಪ್ರೋಟೀನಿನ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ 5ರಿಂದ 15 ಕಿಲೋಕ್ಯಾಲರಿ. ನಮ್ಮ ಮೈಯ ಪ್ರತಿಯೊಂದು ಎಂಜೈಮು, ಹಿಮೋಗ್ಲೋಬಿನ್, ಇನ್ಸುಲಿನ್ ಎಲ್ಲ ನಿಂತಿರುವುದು ಇಷ್ಟು ತೆಳ್ಳಗಿನ ಅಂಚಿನ ಮೇಲೆ. ಇದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ದಿಗಿಲಾಗಿತ್ತು. ಇವತ್ತಿಗೂ ಪಾಠ ಮಾಡುವಾಗ ಈ ಸಂಖ್ಯೆಯ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ.

ಶೃಂಗೇರಿಯಲ್ಲಿ ನಮಗೆ ರಸಾಯನಶಾಸ್ತ್ರ ಹೇಳುತ್ತಿದ್ದವರು ಇದನ್ನು ಯೂರಿಯಾದಿಂದ ತೋರಿಸಿದರು. ಬೇರೆ ಎಲ್ಲಿಯದೋ ಅಲ್ಲ, ತೋಟಕ್ಕೆ ಹಾಕುವ ಬಿಳಿ ಹರಳು. ಗಾಜಿನ ಪಾತ್ರೆಯಲ್ಲಿ ನೀರಿಟ್ಟು ಒಂದೊಂದೇ ಚಮಚ ಹಾಕಿ ಕಲಕಲು ಹೇಳಿದರು. ಕರಗುತ್ತ ಕರಗುತ್ತ ಪಾತ್ರೆ ಕೈಗೆ ತಣ್ಣಗೆ ಹತ್ತತೊಡಗಿತು, ಹೊರಮೈ ಬೆವರಿತು. ಆ ಗಾಢ ದ್ರಾವಣಕ್ಕೆ ಮೊಟ್ಟೆಯ ಬಿಳಿ ಬೆರೆಸಿಟ್ಟು ಮಾರನೇ ದಿನ ನೋಡಿದರೆ ಬಿಳಿ ಅಂಟಂಟಾಗಿ, ಮಂದವಾಗಿ ಕೂತಿತ್ತು. ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಾಗಿರಲಿಲ್ಲ, ಬೆಳಕು ದಾಟುವಷ್ಟು ತಿಳಿಯಾಗಿಯೇ ಇತ್ತು. "ಬೆಂಕಿ ಮುಟ್ಟಿಸಿದ್ದೀವಾ? ಇಲ್ಲ. ಆಮ್ಲ ಹಾಕಿದ್ದೀವಾ? ಇಲ್ಲ. ಗಟ್ಟಿ ಬಂಧ ಒಂದೂ ಕಡಿದಿಲ್ಲ. ಆದರೂ ಆಕಾರ ಬಿಚ್ಚಿಹೋಗಿದೆ" ಅಂದರು ಮೇಷ್ಟ್ರು. ಯೂರಿಯಾ ಪ್ರೋಟೀನಿನ ಸರಪಳಿಯ ಜೊತೆ ತಾನೇ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ, ಎಣ್ಣೆ ಸ್ವಭಾವದ ಭಾಗಗಳಿಗೂ ಹೊರಗೆ ಇರುವುದನ್ನು ಸಹ್ಯವಾಗಿಸುತ್ತದೆ. ಒಳಗೆ ಮುದುಡಿ ಕೂರಲು ಸರಪಳಿಗೆ ಕಾರಣವೇ ಉಳಿಯುವುದಿಲ್ಲ.

ಕ್ರಿಶ್ಚಿಯನ್ ಅನ್ಫಿನ್ಸೆನ್ ಮಾಡಿದ ಪ್ರಯೋಗವನ್ನು ಅವರು ಹೇಳಿದ್ದೂ ಆ ದಿನವೇ. ಹಸುವಿನ ಮೇದೋಜೀರಕದಿಂದ ತೆಗೆದ ರೈಬೋನ್ಯೂಕ್ಲಿಯೇಸ್ ಎಂಬ ಎಂಜೈಮಿನಲ್ಲಿ 124 ಅಮೈನೋ ಆಮ್ಲಗಳು. ಅದರಲ್ಲಿ ಎಂಟು ಸಿಸ್ಟೀನ್‌ಗಳು ಎರಡೆರಡಾಗಿ ಸೇರಿ ಗಂಧಕದ ನಾಲ್ಕು ಗಟ್ಟಿ ಕೊಂಡಿಗಳಾಗಿವೆ. ಎಂಟು ಸಿಸ್ಟೀನ್‌ಗಳನ್ನು ಹೀಗೆ ಜೋಡಿ ಮಾಡಲು 105 ದಾರಿಗಳಿವೆ, ಸರಿಯಾದದ್ದು ಒಂದೇ. ಕೊಂಡಿ ಬಿಡಿಸಿ, ಯೂರಿಯಾದಲ್ಲಿ ಪೂರ್ತಿ ಬಿಚ್ಚಿ, ಯೂರಿಯಾ ಇರುವಾಗಲೇ ಕೊಂಡಿಗಳು ಮತ್ತೆ ಕೂಡಲು ಬಿಟ್ಟರೆ ಯಾವುದಕ್ಕೋ ಯಾವುದೋ ಸೇರಿ ಎಂಜೈಮು ನಿಷ್ಪ್ರಯೋಜಕ. ಮೊದಲು ಯೂರಿಯಾ ತೆಗೆದು ಆಮೇಲೆ ಕೊಂಡಿ ಕೂಡಲು ಬಿಟ್ಟರೆ 105ರಲ್ಲಿ ಆ ಒಂದೇ ದಾರಿ ತಾನಾಗಿ ಸಿಗುತ್ತದೆ, ಎಂಜೈಮು ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಅಂದರೆ ಗಟ್ಟಿ ಕೊಂಡಿ ಎಲ್ಲಿ ಬೀಳಬೇಕು ಎಂದು ತೀರ್ಮಾನ ಮಾಡುವುದು ದುರ್ಬಲ ಬಲಗಳು. ಈ ಕೆಲಸಕ್ಕೆ ಅನ್ಫಿನ್ಸೆನ್‌ಗೆ 1972ರಲ್ಲಿ ನೊಬೆಲ್ ಬಂತು. ಬಸ್ಸಿನಲ್ಲಿ ಕೊಪ್ಪಕ್ಕೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತಿದ್ದೆ. ಮನೆಗೆ ಬಂದರೆ ಹಿತ್ತಲಲ್ಲಿ ಹಂಡೆ ಕುದಿಯುತ್ತಿತ್ತು.

ಚೊಗರಿನ ಹಂಡೆ ನೋಡದವರಿಗೆ ಅದನ್ನು ಸ್ವಲ್ಪ ಹೇಳಬೇಕು. ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಅಡಿಕೆ ಹಣ್ಣಾಗುವ ಮೊದಲೇ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡುತ್ತೇವೆ. ಎಳೆಯದು ಬೆಟ್ಟೆಗೆ, ಸ್ವಲ್ಪ ಬಲಿತದ್ದು ರಾಶಿಗೆ. ಮೊದಲ ಹಂಡೆಯ ನೀರು ಬರೀ ತಿಳಿ ಕೆಂಪು. ಅದೇ ನೀರಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದಂತೆ ಅದು ಮಂದವಾಗುತ್ತ ಜೋನಿಬೆಲ್ಲದ ಹದಕ್ಕೆ ಬರುತ್ತದೆ. ಅದೇ ಚೊಗರು. ಹೋದ ವರ್ಷದ ಹಳೆ ಚೊಗರು ಎತ್ತಿಟ್ಟಿದ್ದರೆ ಅದನ್ನೂ ಸೇರಿಸುತ್ತಾರೆ. ಅಪ್ಪ ಜಾಲರಿ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು. ಸಾಲದು ಅನ್ನಿಸಿದರೆ ತಲೆ ಅಲ್ಲಾಡಿಸಿ ಮತ್ತೆ ಬಿಡುತ್ತಿದ್ದರು. ಆ ಚೊಗರು ಒಂದು ಹನಿ ನಾಲಿಗೆಗೆ ತಾಗಿದರೆ ಬಾಯೆಲ್ಲ ಎಳೆದುಕೊಂಡು, ನಾಲಿಗೆ ಅಂಗುಳಕ್ಕೆ ಉಜ್ಜಿದಂತಾಗಿ, ಎಂಜಲು ನುಂಗಲೂ ಕಷ್ಟ.

ಒಗರು ಎಂಬುದು ಸಿಹಿ, ಹುಳಿಗಳ ಹಾಗೆ ಬರೀ ರುಚಿಯಲ್ಲ, ಬಹುಮಟ್ಟಿಗೆ ಸ್ಪರ್ಶ. ನಮ್ಮ ಎಂಜಲಿನಲ್ಲಿ ಪ್ರೋಲೀನ್ ತುಂಬಿದ ಪ್ರೋಟೀನುಗಳಿವೆ. ಕಿವಿಯ ಕೆಳಗಿನ ಪರೋಟಿಡ್ ಗ್ರಂಥಿ ಸುರಿಸುವ ಪ್ರೋಟೀನಿನಲ್ಲಿ ಸುಮಾರು ಶೇ. 70ರಷ್ಟು ಅವೇ. ಅಡಿಕೆಯ ಚೊಗರಿನಲ್ಲಿರುವುದು ಟ್ಯಾನಿನ್, ಅಂದರೆ ಕ್ಯಾಟೆಚಿನ್ ಜಾತಿಯ ಸಣ್ಣ ಅಣುಗಳು ಸಾಲಾಗಿ ಸೇರಿದ ದೊಡ್ಡ ಅಣು. ಅದರ ಚಪ್ಪಟೆ ಉಂಗುರ ಪ್ರೋಲೀನಿನ ಉಂಗುರದ ಮೇಲೆ ಹೋಗಿ ಮಲಗುತ್ತದೆ. ನೀರು ಒಲ್ಲದ ಎರಡು ಮೈಗಳು ಒಂದಕ್ಕೊಂದು ತಾಗಿಕೊಂಡು ನೀರನ್ನು ಹೊರಗೆ ತಳ್ಳುತ್ತವೆ. ಅಷ್ಟರಲ್ಲಿ ಟ್ಯಾನಿನ್ನಿನ ಅಂಚಿನ ಹೈಡ್ರಾಕ್ಸಿಲ್‌ಗಳು ಪಕ್ಕದ ಪೆಪ್ಟೈಡಿನ ಆಕ್ಸಿಜನ್ ಜೊತೆ ಹೈಡ್ರೋಜನ್ ಬಂಧ ಕಟ್ಟುತ್ತವೆ. ಒಂದು ಟ್ಯಾನಿನ್ನಿಗೆ ಇಂಥ ಉಂಗುರಗಳು ಹಲವು. ಆದ್ದರಿಂದ ಒಂದೇ ಅಣು ಎರಡು ಮೂರು ಪ್ರೋಟೀನ್ ಸರಪಳಿಗಳನ್ನು ಒಟ್ಟಿಗೆ ಹಿಡಿದು ಗಂಟು ಮಾಡಿಬಿಡುತ್ತದೆ. ಎಂಜಲಿನ ಜಾರು ಹೋಗುತ್ತದೆ, ನಾಲಿಗೆ ಒರಟು ಅನ್ನಿಸುತ್ತದೆ. ಹೊಸ ಎಂಜಲು ಊರಿದಂತೆ ಗಂಟುಗಳು ತೊಳೆದುಹೋಗಿ ಬಾಯಿ ಮೊದಲಿನಂತಾಗುತ್ತದೆ. ಗಟ್ಟಿ ಚಹಾಕ್ಕೆ ಹಾಲು ಬೆರೆಸಿದರೆ ಒಗರು ತಗ್ಗುವುದಕ್ಕೂ ಇದೇ ಕಾರಣ. ಹಾಲಿನ ಕೇಸೀನ್‌ನಲ್ಲೂ ಪ್ರೋಲೀನ್ ಧಾರಾಳ. ಟ್ಯಾನಿನ್ನು ಲೋಟದಲ್ಲೇ ಅದಕ್ಕೆ ಅಂಟಿಕೊಂಡುಬಿಟ್ಟರೆ ನಾಲಿಗೆಯ ಪಾಲಿಗೆ ಉಳಿಯುವುದು ಕಡಿಮೆ.

ಆ ಹಿರಿಯ ಹೆಂಗಸಿನ ಬೆರಳಿನದೂ ಇದೇ ಕತೆ, ಜೊತೆಗೆ ಕಬ್ಬಿಣ. ಹಸಿ ಅಡಿಕೆಯ ಟ್ಯಾನಿನ್ನು ಚರ್ಮದ ಪ್ರೋಟೀನಿಗೆ ಅಂಟುತ್ತದೆ, ಮೆಟ್ಟುಗತ್ತಿಯ ಕಬ್ಬಿಣ ಆ ಟ್ಯಾನಿನ್ನಿಗೆ ಕೂಡಿ ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿಯನ್ನೂ ಟ್ಯಾನಿನ್ ಮತ್ತು ಕಬ್ಬಿಣದ ಲವಣದಿಂದಲೇ ಮಾಡುತ್ತಿದ್ದರು. ಸೋಪಿಗೆ ಬಗ್ಗದು, ಹುಳಿ ತಿಕ್ಕಿದರೆ ಒಂದಿಷ್ಟು ಬಿಡುತ್ತದೆ, ಏಕೆಂದರೆ ಹುಳಿ ಕಬ್ಬಿಣವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎರಡು ವರ್ಷ ಕಳೆದು ಇದನ್ನು ಅವರಿಗೆ ಹೇಳಿದೆ. "ಹುಳಿ ತಿಕ್ಕಾದು ನಮಗೆ ಮೊದ್ಲೇ ಗೊತ್ತಿತ್ತಲ್ಲ ಸಣ್ಣಯ್ಯ" ಅಂದರು. ಅವರ ಮಾತು ಸರಿಯೇ. ಆದರೂ ಯಾಕೆ ಅಂತ ಗೊತ್ತಾದದ್ದಕ್ಕೆ ಅವರಿಗೆ ಖುಷಿಯಾದದ್ದು ಮುಖದಲ್ಲಿ ಕಂಡಿತು. ಪಕ್ಕದವರಿಗೆ ತಾವೇ ಮತ್ತೆ ವಿವರಿಸಿದರು.

ಎನ್.ಆರ್. ಪುರದ ದೊಡ್ಡಪ್ಪನ ಮನೆ ನನಗೆ ಗಿಣ್ಣಿನ ಮನೆ. ಭದ್ರಾ ಹಿನ್ನೀರಿನ ಕಡೆಯ ಆ ಮನೆಯ ಕೊಟ್ಟಿಗೆಯಲ್ಲಿ ಯಾವಾಗಲೂ ಒಂದಲ್ಲ ಒಂದು ಹಸು ಕರು ಹಾಕುತ್ತಿತ್ತು. ಮೊದಲ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ಮೂರನೇ ದಿನದ್ದು ಅಲುಗಾಡುತ್ತದೆ. ಆಮೇಲಿನದು ಎಷ್ಟು ಕುದಿಸಿದರೂ ಹಾಲಾಗಿಯೇ ಉಳಿಯುತ್ತದೆ. "ಹಾಲು ಒಂದೇ, ಹಸು ಒಂದೇ, ಹೀಗ್ಯಾಕೆ?" ಎಂದು ದೊಡ್ಡಮ್ಮನನ್ನು ಸಣ್ಣವನಿದ್ದಾಗ ಕೇಳಿದ್ದೆ. ಮೊದಲ ಹಾಲಿನಲ್ಲಿ ಪ್ರೋಟೀನು ಸುಮಾರು ಶೇ. 14ರಷ್ಟಿರುತ್ತದೆ, ಮಾಮೂಲಿ ಹಾಲಿನಲ್ಲಿ ಮೂರು ಚಿಲ್ಲರೆ. ಹೆಚ್ಚಿಗೆ ಇರುವುದೆಲ್ಲ ಬಹುಪಾಲು ಕರುವನ್ನು ರೋಗದಿಂದ ಕಾಯುವ ಇಮ್ಯುನೋಗ್ಲೋಬ್ಯುಲಿನ್. ಅದು ಅಚ್ಚುಕಟ್ಟಾಗಿ ಮಡಚಿದ ಪ್ರೋಟೀನು. ಬಿಸಿಗೆ ದುರ್ಬಲ ಬಲಗಳು ಸಡಿಲವಾಗಿ ಮಡಿಕೆ ಬಿಚ್ಚುತ್ತದೆ, ಒಳಗೆ ಅಡಗಿದ್ದ ಎಣ್ಣೆ ಸ್ವಭಾವದ ಭಾಗಗಳು ಹೊರಗೆ ಬಂದು ಪಕ್ಕದ ಸರಪಳಿಗೆ ಆತುಕೊಳ್ಳುತ್ತವೆ, ಗಂಧಕದ ಕೊಂಡಿಗಳೂ ಸೇರಿ ನೀರನ್ನು ಒಳಗೇ ಹಿಡಿದ ಬಲೆಯಾಗುತ್ತದೆ. ಕೇಸೀನ್‌ಗೆ ಅಂಥ ಮಡಿಕೆಯೇ ಇಲ್ಲ. ಬಿಚ್ಚುವುದಕ್ಕೆ ಏನೂ ಇಲ್ಲದ್ದರಿಂದ ಬೆಂಕಿಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಅದು ಒಡೆಯಬೇಕಾದರೆ ಹುಳಿ ಬೇಕು.

ಹಲಸಿನ ಬೇಳೆಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆ. ಅಜ್ಜಿ ಬೇಸಿಗೆಯಲ್ಲಿ ಬೇಳೆಗೆ ಕೆಮ್ಮಣ್ಣು ಬಳಿದು ಒಣಗಿಸಿ ಮಳೆಗಾಲಕ್ಕೆ ಎತ್ತಿಡುತ್ತಿದ್ದರು. ಆಷಾಢದ ಮಳೆಯಲ್ಲಿ ಒಲೆಯ ಕೆಂಡದಲ್ಲಿ ಸುಟ್ಟು ಕೊಡುವರು, ಹುಳಿಗೆ ಹಾಕುವರು, ಆದರೆ ಹಸಿ ಬೇಳೆ ಕಚ್ಚಿದರೆ ಕೈಯಿಂದ ಕಿತ್ತುಕೊಳ್ಳುವರು. ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸ್ವಲ್ಪ ಕಾಲ ಕೆಲಸ ಕಲಿಯಲು ಹೋದಾಗ ನನ್ನ ಕೈಗೆ ಬಂದದ್ದು ಅದೇ ಹಸಿ ಬೇಳೆ. ಅರೆದು, ಉಪ್ಪುನೀರಿನಲ್ಲಿ ಕಲಸಿ, ಸೋಸಿ, ಗ್ಯಾಲಕ್ಟೋಸ್ ಸಕ್ಕರೆ ಕೂರಿಸಿದ ಜೆಲ್ ತುಂಬಿದ ಗಾಜಿನ ಕೊಳವೆಯ ಮೇಲಿಂದ ಬಿಟ್ಟೆ. ಹಾಲುಬಣ್ಣದ ರಸ ಕೆಳಗಿಳಿದು ಹೋಯಿತು. ಅದರ ಒಂದೇ ಒಂದು ಪ್ರೋಟೀನು ಮಾತ್ರ ಜೆಲ್‌ನ ಸಕ್ಕರೆಯನ್ನು ಹಿಡಿದುಕೊಂಡು ನಿಂತಿತು. ಅದರ ಹೆಸರು ಜಕಾಲಿನ್. ಬಿಡಿಸುವುದು ಹೇಗೆ? ಬರೀ ಗ್ಯಾಲಕ್ಟೋಸ್ ಕರಗಿಸಿದ ನೀರನ್ನು ಮೇಲಿಂದ ಬಿಟ್ಟರೆ ಸಾಕು. ಜೆಲ್‌ನ ಸಕ್ಕರೆಯನ್ನು ಬಿಟ್ಟು ಹರಿಯುವ ಸಕ್ಕರೆಯನ್ನು ಹಿಡಿದುಕೊಂಡು ಜಕಾಲಿನ್ ತಾನಾಗಿ ಕೆಳಗೆ ಬರುತ್ತದೆ. ನಮ್ಮ ಕೊನೆಗಾರ ಒಂದು ಮರ ಕೊಯ್ದ ಮೇಲೆ ಇಳಿಯದೆ, ಮರ ತೂಗಿಸಿ ಪಕ್ಕದ ಮರ ಹಿಡಿದು ಇದನ್ನು ಬಿಡುತ್ತಾನಲ್ಲ, ಹಾಗೆ. ಬಿಡಲು ಬಾರದ ಹಿಡಿತದಿಂದ ಅವನ ಕೆಲಸವೂ ನಡೆಯದು, ಪ್ರೋಟೀನಿನದೂ ನಡೆಯದು. ಎಂಜೈಮು ತನ್ನ ಸರಕನ್ನು ಬಿಡಬೇಕು, ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಡಬೇಕು.

ಜಕಾಲಿನ್‌ನ ರಚನೆಯನ್ನು ಬಿಡಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂ. ವಿಜಯನ್ ಮತ್ತು ಅವಧೇಶ ಸುರೋಲಿಯಾ ಅವರ ತಂಡ. 1996ರಲ್ಲಿ ಅದು ಪ್ರಕಟವಾಯಿತು. ಒಂದೊಂದು ಘಟಕದಲ್ಲಿ 133 ಅಮೈನೋ ಆಮ್ಲಗಳ ಒಂದು ಸರಪಳಿ, 20ರ ಇನ್ನೊಂದು ಪುಟ್ಟ ಸರಪಳಿ. ಇಂಥ ನಾಲ್ಕು ಘಟಕ ಸೇರಿ ಒಂದು ಪ್ರೋಟೀನು. ಎರಡು ಸರಪಳಿಗಳ ನಡುವೆ ಗಟ್ಟಿ ಕೊಂಡಿ ಇಲ್ಲ, ದುರ್ಬಲ ಬಲಗಳಿಂದಲೇ ಜೊತೆಗಿವೆ. ಮೊದಲು ಅವು ಒಂದೇ ಸರಪಳಿ. ಬೀಜವೇ ಅದನ್ನು ಒಂದು ಕಡೆ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ್ದರಿಂದ ದೊಡ್ಡ ಸರಪಳಿಯ ಮೊದಲ ಗ್ಲೈಸೀನಿಗೆ ಒಂದು ಬಿಡಿ ತುದಿ ಸಿಕ್ಕಿ, ಆ ತುದಿಯ ಅಮೈನೋ ಗುಂಪು ಗ್ಯಾಲಕ್ಟೋಸಿಗೆ ಹೈಡ್ರೋಜನ್ ಬಂಧ ಕಟ್ಟುತ್ತದೆ. ಸಕ್ಕರೆಯನ್ನು ಗುರುತಿಸುವುದಕ್ಕೆ ಇಂಥ ಉಪಾಯ ಇದೆಯೆಂದು ಅದಕ್ಕೆ ಮೊದಲು ಕಂಡಿರಲಿಲ್ಲ. ಬೀಟಾ ಪ್ರಿಸಮ್ ಎಂದು ಕರೆದ ಅದರ ಮಡಿಕೆಯೂ ಸಕ್ಕರೆ ಹಿಡಿಯುವ ಸಸ್ಯ ಪ್ರೋಟೀನುಗಳಾದ ಲೆಕ್ಟಿನ್‌ಗಳಲ್ಲಿ ಹೊಸತು. ನಮ್ಮ ರಕ್ತದ ಐಜಿಎ-1 ಪ್ರತಿಕಾಯವನ್ನು ಬೇರ್ಪಡಿಸಲು ಪ್ರಪಂಚದ ಪ್ರಯೋಗಾಲಯಗಳು ಜಕಾಲಿನ್ ಬಳಸುತ್ತವೆ. ಅಜ್ಜಿ ಕೆಂಡದಲ್ಲಿ ಸುಟ್ಟು ಅದರ ಮಡಿಕೆ ಬಿಚ್ಚಿ ನಮಗೆ ಕೊಡುತ್ತಿದ್ದರು. ಮಲೆನಾಡಿನ ಯಾವ ಕಾಲೇಜಿನಲ್ಲಾದರೂ ಪ್ರೋಟೀನಿನ ಪಾಠ ಇದರಿಂದಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೂರದ ಉದಾಹರಣೆಗಳು ಆಮೇಲೆ ಬರಲಿ.

ಅದೇ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು 1971ರಲ್ಲಿ ಕಟ್ಟಿದವರು ಜಿ.ಎನ್. ರಾಮಚಂದ್ರನ್. ಎರ್ನಾಕುಲಂನಲ್ಲಿ ಹುಟ್ಟಿ, ಬೆಂಗಳೂರಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದು, ಸಿ.ವಿ. ರಾಮನ್ ಅವರ ಬಳಿ ಭೌತಶಾಸ್ತ್ರಕ್ಕೆ ಹೊರಳಿದವರು. ಅವರ ನಕ್ಷೆ ಇಲ್ಲದೆ ಇವತ್ತು ಪ್ರೋಟೀನಿನ ಯಾವ ರಚನೆಯನ್ನೂ ಯಾರೂ ನಂಬುವುದಿಲ್ಲ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ ಆ ನಕ್ಷೆಯ ತರ್ಕ ಬೆರಗಾಗುವಷ್ಟು ಸರಳ. ಸರಪಳಿಯ ಪ್ರತಿ ಅಮೈನೋ ಆಮ್ಲದ ಬಳಿ ತಿರುಗಬಲ್ಲ ಎರಡು ಕೋನಗಳಿವೆ. ಯಾವ ಕೋನಕ್ಕೆ ತಿರುಗಿಸಿದರೆ ಯಾವ ಪರಮಾಣು ಇನ್ನೊಂದರ ಜಾಗಕ್ಕೆ ನುಗ್ಗುತ್ತದೆ ಎಂದು ಲೆಕ್ಕ ಹಾಕುತ್ತ ಹೋದರೆ ನಕ್ಷೆಯ ಬಹುಭಾಗ ನಿಷಿದ್ಧವಾಗಿ, ಅಲ್ಲಿಷ್ಟು ಇಲ್ಲಿಷ್ಟು ಜಾಗ ಉಳಿಯುತ್ತದೆ. ಸರಪಳಿ ತಳೆಯುವ ಆಕಾರಗಳೆಂದು ಪೌಲಿಂಗ್ 1951ರಲ್ಲಿ ಹೇಳಿದ್ದ ಆಲ್ಫಾ ಸುರುಳಿಯೂ ಬೀಟಾ ಹಾಳೆಯೂ ಸರಿಯಾಗಿ ಆ ಜಾಗಗಳಲ್ಲೇ ಬೀಳುತ್ತವೆ. ಪಾರ್ಶ್ವದಲ್ಲಿ ಬರೀ ಒಂದು ಹೈಡ್ರೋಜನ್ ಇರುವ ಗ್ಲೈಸೀನಿಗೆ ಮಾತ್ರ ತಿರುಗಾಡಲು ಹೆಚ್ಚು ಜಾಗ.

ಅದಕ್ಕೂ ಮೊದಲು, ಮದ್ರಾಸಿನಲ್ಲಿದ್ದಾಗ, 1954ರಲ್ಲಿ ಗೋಪಿನಾಥ ಕರ್ತಾ ಜೊತೆ ಅವರು ಕೊಲಾಜೆನ್ ಮೂರು ಎಳೆಗಳ ಹುರಿ ಎಂದು ತೋರಿಸಿದ್ದರು. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳ ಪ್ರೋಟೀನು ಕೊಲಾಜೆನ್. ಅದರ ಸರಪಳಿಯಲ್ಲಿ ಪ್ರತಿ ಮೂರನೆಯದು ಗ್ಲೈಸೀನ್. ಮೂರು ಎಳೆ ಒತ್ತಿ ಕೂರುವ ಒಳಭಾಗದಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. ಉಳಿದ ಜಾಗಗಳಲ್ಲಿ ಪ್ರೋಲೀನ್ ಬಹಳ. ಪ್ರೋಲೀನ್ ಬಹಳ ಇದ್ದಲ್ಲಿ ಟ್ಯಾನಿನ್ ಬಂದು ಕೂರುತ್ತದೆ ಎಂಬುದನ್ನು ಎಂಜಲಿನಲ್ಲಿ ಆಗಲೇ ನೋಡಿದೆವು. ಹಸಿ ತೊಗಲು ಕೊಳೆಯದ ಚರ್ಮವಾಗುವುದು ಹೀಗೆಯೇ. ಮರದ ತೊಗಟೆಯ ಟ್ಯಾನಿನ್ನು ಕೊಲಾಜೆನ್ನಿನ ಎಳೆಗಳ ನಡುವೆ ಹೊಕ್ಕು ಸಾವಿರಾರು ಕಡೆ ಹಿಡಿಯುತ್ತದೆ. ಒಂದೊಂದು ಹಿಡಿತ ದುರ್ಬಲವೇ ಇರಬಹುದು, ಸಾವಿರ ಹಿಡಿತ ಏಕಕಾಲಕ್ಕೆ ಬಿಡುವುದಿಲ್ಲ. ಬಾಯಿಯ ಒಗರು ತೊಳೆದುಹೋಗುವುದು ಎಂಜಲು ಹೊಸದಾಗಿ ಊರುತ್ತಲೇ ಇರುವುದರಿಂದ. ತೊಗಲಿನ ಕೊಲಾಜೆನ್ ಎಲ್ಲಿಗೂ ಹರಿದುಹೋಗುವುದಿಲ್ಲ, ಅಲ್ಲೇ ಕಟ್ಟಿಬೀಳುತ್ತದೆ.

ಕೆನ್ನೆಯ ಒಳಗಿನ ಕೊಲಾಜೆನ್ನೂ ಹರಿದುಹೋಗುವುದಿಲ್ಲ.

ದೊಡ್ಡಪ್ಪನ ಬಾಯಲ್ಲಿ ಕವಳ ಇಲ್ಲದ ಹೊತ್ತನ್ನು ನಾನು ನೋಡಿಯೇ ಇರಲಿಲ್ಲ. ಎಲೆಯಡಿಕೆ ಚೀಲ ಸೊಂಟದಲ್ಲಿ, ಅಡಕತ್ತರಿ ಕೈಯಲ್ಲಿ. ಮೊದಲು ಅವರು ಖಾರ ಬಿಟ್ಟರು. ಗಾಂಧಾರಿ ಮೆಣಸಿನ ಚಟ್ನಿ ಇಲ್ಲದೆ ಕಡುಬು ಮುಟ್ಟದಿದ್ದವರು "ಬಾಯಿ ಉರಿತದೆ" ಅನ್ನತೊಡಗಿದರು. ಆಮೇಲೆ ಕಡುಬನ್ನು ಚಿಕ್ಕ ಚಿಕ್ಕದಾಗಿ ಮುರಿದು ತುಟಿಯ ಸಂದಿಯಿಂದ ತಳ್ಳಿಕೊಳ್ಳುವುದನ್ನು ಕಂಡೆ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಅವರದೇ ಬೆರಳುಗಳನ್ನು ನಿಲ್ಲಿಸಿ ಹಲ್ಲುಗಳ ನಡುವೆ ಇಡಲು ಹೇಳಿದರು. ಮೂರು ಬೆರಳು ಹೋಗಬೇಕಾದಲ್ಲಿ ಒಂದು ಹೋಯಿತು. ಕೆನ್ನೆಯ ಒಳಮೈ ಬಿಳಿಚಿಕೊಂಡಿತ್ತು. ಬೆರಳಿಟ್ಟು ನೋಡಿದರೆ ಹಗ್ಗದ ಹಾಗೆ ನಾರು ಸಿಗುತ್ತದೆ ಎಂದು ವೈದ್ಯರು ತೋರಿಸಿದರು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ವೈದ್ಯಕೀಯ ಪತ್ರಿಕೆಗಳಲ್ಲಿ ಇದರ ವಿವರಣೆ ಮೊದಲು ಬಂದದ್ದು 1952ರಲ್ಲಿ, ಪೂರ್ವ ಆಫ್ರಿಕದಲ್ಲಿದ್ದ ಭಾರತೀಯ ಹೆಂಗಸರಲ್ಲಿ. ಅಡಿಕೆಯೇ ಇದರ ಮುಖ್ಯ ಕಾರಣ ಎಂಬುದು ಈಗ ಖಚಿತ. ಹೊಗೆಸೊಪ್ಪು ಸೇರದಿದ್ದರೂ ಬರುತ್ತದೆ, ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಸೇರಿಸಿ ಇಪ್ಪತ್ತು ವರ್ಷ ದಾಟಿತು.

ವೈದ್ಯರು ಹೇಳುವುದನ್ನು ಕೇಳುತ್ತ ಕೂತಾಗ ನಾನು ಓದಿದ್ದೆಲ್ಲ ಒಂದೇ ಬಾಯೊಳಗೆ ಬಂದು ಸೇರಿತು. ಅಡಿಕೆಯ ಅರೆಕೋಲಿನ್ ಜೀವಕೋಶಗಳನ್ನು ಹೆಚ್ಚು ಕೊಲಾಜೆನ್ ಮಾಡಲು ಪ್ರಚೋದಿಸುತ್ತದೆ. ಹಳೆಯ ಕೊಲಾಜೆನನ್ನು ಕಡಿದು ವಿಲೇವಾರಿ ಮಾಡುವ ಎಂಜೈಮು ಕೊಲಾಜೆನೇಸ್. ಆದರೆ ಟ್ಯಾನಿನ್ನು ಹಿಡಿದು ಕೂತ ಎಳೆಗೆ ಅದರ ಕತ್ತಿ ತಾಗುವುದಿಲ್ಲ. ಅಡಿಕೆಯಲ್ಲಿರುವ ತಾಮ್ರ ಲೈಸಿಲ್ ಆಕ್ಸಿಡೇಸ್ ಎಂಬ ಇನ್ನೊಂದು ಎಂಜೈಮಿಗೆ ಬಲ ಕೊಡುತ್ತದೆ, ಅದು ಎಳೆ ಎಳೆಯ ನಡುವೆ ಗಟ್ಟಿ ಕೊಂಡಿ ಹಾಕುತ್ತದೆ. ಸಾವಿರ ದುರ್ಬಲ ಹಿಡಿತ ಎಳೆಗಳನ್ನು ಕಾದಿಡುತ್ತದೆ, ಅಷ್ಟರಲ್ಲಿ ಎಂದೂ ಬಿಡದ ಹಿಡಿತ ಬಂದು ಬೀಳುತ್ತದೆ. ಅಪ್ಪ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದ ಅದೇ ಚೊಗರು.

"ಎಂತ ಮಾಡಾದು ಮಗಾ, ಬೆಳೆದದ್ದೂ ಅದೇ, ತಿಂದದ್ದೂ ಅದೇ" ಎಂದರು ದೊಡ್ಡಪ್ಪ, ಬಸ್ ಸ್ಟ್ಯಾಂಡಿನಲ್ಲಿ. ಕೊನೆಯ ವರ್ಷಗಳನ್ನು ಗಂಜಿಯಲ್ಲಿ ಕಳೆದರು. ನನ್ನ ಕಾಲೇಜಿನ ಫೀಸು, ತಂಗಿಯ ಮದುವೆ, ಮನೆಯ ಹಂಚು ಎಲ್ಲ ಅಡಿಕೆಯಿಂದಲೇ ಆದದ್ದು. ಹಳದಿ ಎಲೆ ರೋಗ ಬಂದು ಶೃಂಗೇರಿ, ಕೊಪ್ಪದ ತೋಟಗಳು ಬರಿದಾಗುತ್ತ ಹೋದಾಗ ಜನ ಪಟ್ಟ ಪಾಡನ್ನು ಹತ್ತಿರದಿಂದ ಕಂಡವನು ನಾನು. ಬೆಳೆಯಬೇಡಿ ಎಂದು ಹೇಳುವ ಬಾಯಿ ನನಗಿಲ್ಲ. ಆದರೆ ಬೆಳೆಯುವವರ ಮಕ್ಕಳಿಗೆ ಅದು ಬಾಯೊಳಗೆ ಏನು ಮಾಡುತ್ತದೆ ಎಂದು ಅಣುವಿನ ಮಟ್ಟದಲ್ಲಿ ತಿಳಿದಿರಲೇಬೇಕು. ನಾವು ಕಲಿಸದಿದ್ದರೆ ಇನ್ನಾರೂ ಕಲಿಸುವುದಿಲ್ಲ.

ಹಾಗಾಗಿ ಪ್ರೋಟೀನಿನ ಪಾಠದ ಮೊದಲ ದಿನ ತರಗತಿಗೆ ನೆಲ್ಲಿಕಾಯಿ ಒಯ್ಯುತ್ತೇನೆ, ಅಡಿಕೆ ಒಯ್ಯುವುದಿಲ್ಲ. ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಉಜ್ಜಿ ನೋಡಿ ಅನ್ನುತ್ತೇನೆ. ಟ್ಯಾನಿನ್, ಪ್ರೋಲೀನ್, ಹೈಡ್ರೋಜನ್ ಬಂಧ ಎಲ್ಲ ಅಲ್ಲಿಂದ ಶುರು. ಕೊಲಾಜೆನ್ನಿಗೆ ಬಂದ ದಿನ ಎಲ್ಲರೂ ಮೂರು ಬೆರಳು ನಿಲ್ಲಿಸಿ ಬಾಯಿಗೆ ಇಟ್ಟು ನೋಡಬೇಕು, ಮನೆಗೆ ಹೋಗಿ ಮನೆಯವರಿಂದಲೂ ಮಾಡಿಸಬೇಕು. ಹೀಗೊಂದು ದಿನ ಎನ್.ಆರ್. ಪುರದ ಕಡೆಯ ಹುಡುಗನೊಬ್ಬ ಎಲ್ಲರೂ ಹೋದ ಮೇಲೆ ಮೇಜಿನ ಹತ್ತಿರ ನಿಂತ. ಅವನಿಗೆ ಎರಡೇ ಬೆರಳು ಹೋಗುತ್ತಿದ್ದವು. ಅಂಗಡಿಯಲ್ಲಿ ಸಿಗುವ ಅಡಿಕೆ ಪೊಟ್ಟಣ ಹೈಸ್ಕೂಲಿನಿಂದಲೇ ಅಭ್ಯಾಸವಂತೆ. ಮರುದಿನವೇ ಅವನನ್ನು ದಂತವೈದ್ಯರ ಬಳಿ ಕರೆದುಕೊಂಡು ಹೋದೆ. ಬಿದ್ದ ಕೊಂಡಿಗಳನ್ನು ಪೂರ್ತಿ ಬಿಚ್ಚಲು ಆಗುವುದಿಲ್ಲ, ಅಡಿಕೆ ನಿಲ್ಲಿಸಿದರೆ ಹೊಸದು ಬೀಳುವುದನ್ನು ತಡೆಯಬಹುದು ಎಂದರು ಅವರು, ದಿನಾ ಬಾಯಿ ಹಿಗ್ಗಿಸುವ ವ್ಯಾಯಾಮ ಹೇಳಿಕೊಟ್ಟರು. ಅವನು ಪೊಟ್ಟಣ ಬಿಟ್ಟಿದ್ದಾನೆ. ತೋಟದ ಕೆಲಸ ಬಿಟ್ಟಿಲ್ಲ. ಈ ವರ್ಷ ಅವರ ಮನೆಯ ಹಂಡೆಯ ಹತ್ತಿರ ಬಣ್ಣ ನೋಡುವವನು ಅವನೇ.